ಬೀಗರ ರುಮಾಲು ಬಿದ್ದರೂ ನಗದ ಸೋದರಮಾವ

ಶಿರಸಿ
18 ಜುಲೈ 2025, ಶುಕ್ರವಾರ

ಪ್ರೀತಿಯ ತಂಗಿ ನೀಲಗಂಗವ್ವನಿಗೆ ಅಣ್ಣ ಮಧುಕೇಶ್ವರನ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆ? ಯಲ್ಲಾಪುರದ ಥಂಡಿಗೆ ಹೆಚ್ಚಾಗಿರಬೇಕು. ನಿನ್ನ ಯಜಮಾನರು ಶರಣಪ್ಪನವರ ಸಕ್ಕರೆ ಹತೋಟಿಯಲ್ಲಿದೆಯೋ, ಇಲ್ಲ ಇನ್ನೂ ನಿನ್ನ ಕಣ್ಣು ತಪ್ಪಿಸಿ ಪೇಡೆ ತಿನ್ನುತ್ತಿದ್ದಾರೋ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಒಂದು ವರ್ಷ ನಾಲ್ಕು ತಿಂಗಳಿಂದ ನನ್ನ ಹೆಸರು ಕಂಡ ಕೂಡಲೇ ನಿನ್ನ ಫೋನು ಕಟ್ಟಾಗುತ್ತದೆ. ಅದಕ್ಕೇ ಈ ಪತ್ರ. ಇನ್ನೊಂದು ಕಾರಣವೂ ಇದೆ. ದಿನಕ್ಕೊಂದು ಪುಟ ದಪ್ಪ ಅಕ್ಷರದಲ್ಲಿ ಬರೆಯಬೇಕೆಂದು ಡಾಕ್ಟರು ಹೇಳಿದ್ದಾರೆ. ನಾಲ್ಕು ದಿನ ಓಂ ನಮಃ ಶಿವಾಯ ಬರೆದೆ. ಐದನೆಯ ದಿನಕ್ಕೆ, ಶಿವನಿಗಿಂತ ಮೊದಲು ನಿನ್ನನ್ನು ಒಲಿಸಿಕೊಳ್ಳುವುದೇ ಜರೂರು ಅನ್ನಿಸಿತು. ನಿನ್ನ ಅತ್ತಿಗೆ ಮಹೇಶ್ವರಿ ಎದುರಿಗೇ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕಾವಲು ಕೂತಿದ್ದಾಳೆ. ಅಕ್ಷರ ಸಣ್ಣದಾಯಿತೋ, "ರೀ, ಮತ್ತ ಇರುವಿ ಸಾಲು ಹೊಂಟೈತಿ ನೋಡ್ರಿ" ಎನ್ನುತ್ತಾಳೆ.

ಡಾಕ್ಟರು ಎಂದೆನೆಂದು ಗಾಬರಿಯಾಗಬೇಡ. ನನಗೆ ಬಂದಿರುವುದು ಪಾರ್ಕಿನ್ಸನ್ ಎಂಬ ಕಾಯಿಲೆ. ಮೆದುಳಿನಲ್ಲಿ ಯಾವುದೋ ಒಂದು ರಸ ಕಡಿಮೆಯಾಗಿ, ಕೈಕಾಲಿಗೆ ಹೋಗಬೇಕಾದ ಹುಕುಂ ತಡವಾಗಿ ತಲುಪುತ್ತದಂತೆ. ಸುಮ್ಮನೆ ಕೂತಾಗ ಬಲಗೈ ನಡುಗುತ್ತದೆ, ಬರೆಯುತ್ತ ಹೋದಂತೆ ಅಕ್ಷರ ಸಣ್ಣದಾಗುತ್ತದೆ. ಪೂರಾ ವಾಸಿಯಾಗುವುದಿಲ್ಲ, ಹಾಗೆಂದು ನಾಳೆಯೇ ಎತ್ತಿಕೊಂಡು ಹೋಗುವಂಥದ್ದೂ ಅಲ್ಲ. ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿರಬೇಕು, ಅಷ್ಟೇ. ದಿನಕ್ಕೆ ಮೂರು ಸಲ ಫೋನು ಬಡಿದುಕೊಳ್ಳುವ ಹಾಗೆ ಇಟ್ಟುಕೊಂಡಿದ್ದೇನೆ. ನಿನ್ನೆ ಗಿರಾಕಿಯ ಮಗುವಿಗೆ ಕಿರೀಟ ಹಾಕಿ ಕೃಷ್ಣನ ಫೋಟೋ ತೆಗೆಯುತ್ತಿದ್ದಾಗಲೇ ಅದು ಕಿರುಚಿ, ಕೃಷ್ಣ ಹೆದರಿ ಚಡ್ಡಿ ಒದ್ದೆ ಮಾಡಿಕೊಂಡ.

ಇದು ತಿಳಿಯುವ ಮೊದಲು ನಾವು ಪಟ್ಟ ಪಾಡು ಕೇಳು. ಭುಜ ಬಿಗಿಯುತ್ತದೆ ಎಂದೆ, ಬುಟ್ಟಿ ಹೊತ್ತು ಬರುವ ಒಬ್ಬ ಎಣ್ಣೆಯವನು ನಲವತ್ತು ದಿನ ತಿಕ್ಕಿದ. ಭುಜ ಇದ್ದ ಹಾಗೇ ಇತ್ತು, ನಮ್ಮ ಬೆಕ್ಕು ಮಾತ್ರ ಎಣ್ಣೆ ವಾಸನೆಗೆ ಮನೆ ಬಿಟ್ಟು ಹೋಯಿತು. ನನಗೆ ಆ ವಾಸನೆ ಬರಲೇ ಇಲ್ಲ. ಮೂಗು ಕೈಕೊಟ್ಟದ್ದೂ ಇದರದೇ ಲಕ್ಷಣವಂತೆ. ಇನ್ನು ಮುಖ. ಮುಖದ ಸ್ನಾಯುಗಳು ಬಿಗಿದು, ಒಳಗೆ ಎಷ್ಟೇ ನಗು ಬಂದರೂ ಹೊರಗೆ ಕಲ್ಲು. ಸ್ಟುಡಿಯೋದಲ್ಲಿ ಮಕ್ಕಳು ನನ್ನನ್ನು ಕಂಡು ಅಳತೊಡಗಿದವು. ಆದರೆ ಪಾಸ್‌ಪೋರ್ಟ್ ಫೋಟೋದಲ್ಲಿ ನಗಬಾರದಲ್ಲ, ಆ ಗಿರಾಕಿಗಳಿಗೆ ನಾನು ಹೇಳುವುದೇ ಬೇಡವಾಯಿತು. ನನ್ನ ಮುಖ ನೋಡಿದ ಕೂಡಲೇ ತಾವಾಗಿ ಗಂಭೀರವಾಗುತ್ತಿದ್ದರು.

ಕಳೆದ ಮೇ ತಿಂಗಳಲ್ಲಿ ಒಬ್ಬರು ಹಟಕ್ಕೆ ಬಿದ್ದು ನನ್ನನ್ನೂ ಮಹೇಶ್ವರಿಯನ್ನೂ ಹುಬ್ಬಳ್ಳಿಯ ನರರೋಗದ ಡಾಕ್ಟರರ ಹತ್ತಿರ ಕರೆದೊಯ್ದರು. ಯಾರು ಎಂಬುದು ಈಗ ಬೇಡ. ಡಾಕ್ಟರು ಬೆರಳು ಬಡಿಸಿದರು, ನಡೆಸಿದರು, ಆಮೇಲೆ "ಒಂದ್ ಸಲ ನಗ್ರಿ ನೋಡೋಣ" ಎಂದರು. ಮೂವತ್ತೈದು ವರ್ಷ ಊರವರಿಗೆಲ್ಲ ನಾನು ಹೇಳಿದ ಮಾತು, ನನಗೇ ಬಂತು! "ನಗಾಕತ್ತೀನ್ರಿ ಸಾಹೇಬ್ರ" ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಮಹೇಶ್ವರಿ ಮಾತ್ರ ಕುರ್ಚಿಯಿಂದ ಎದ್ದೇಬಿಟ್ಟಳು. "ಹಂಗಾರ ಎರಡ್ ವರ್ಷದಿಂದ ನನ್ನ ಮ್ಯಾಲ ಸಿಟ್ಟ ಇರ್ಲಿಲ್ಲೇನ್ರಿ?" ಎಂದು ಅಲ್ಲೇ ಅತ್ತಳು, ಅಳುತ್ತಲೇ ನಕ್ಕಳು. ಪಾಪ, ನನ್ನ ಸಿಟ್ಟು ಇಳಿಸಲೆಂದು ಎರಡು ವರ್ಷ ವಾರಕ್ಕೆರಡು ಸಲ ಎಣ್ಣೆಗಾಯಿ ಮಾಡಿದ್ದಳು. ಸಿಟ್ಟಿಲ್ಲ ಎಂದು ಗೊತ್ತಾದ ದಿನದಿಂದ ಎಣ್ಣೆಗಾಯಿ ಬಂದ್. ಈ ಕಾಯಿಲೆಯಿಂದ ನನಗಾದ ದೊಡ್ಡ ನಷ್ಟ ಅದು.

ಈಗ ಮದುವೆಯ ವಿಷಯ. ನಿನ್ನ ಮಗಳು ಶಿವರಂಜನಿಗೆ ಬಾಸಿಂಗ ಕಟ್ಟುವುದು ಸೋದರಮಾವನಾದ ನನ್ನ ಕೆಲಸ. ಗಂಟು ಹಾಕಲು ಬೆರಳು ಬಗ್ಗಲಿಲ್ಲ. ಸ್ವಾಮಿಗಳು ಮುಹೂರ್ತ ಮೀರುತ್ತದೆಂದು ಕೈಸನ್ನೆ ಮಾಡುತ್ತಿದ್ದರು, ವಾದ್ಯದವರು ಬಾರಿಸಿದ್ದನ್ನೇ ಬಾರಿಸಿ ಸುಸ್ತಾದರು. ಮುಖವೋ, ಹೇಳಿದೆನಲ್ಲ. ನೀನು ಎಲ್ಲರೆದುರು ಬಂದು, "ಈ ಸಂಬಂಧ ಮನಸ್ಸಿಗಿ ಬಂದಿಲ್ಲಂದ್ರ ಮನ್ಯಾಗ ಇರಬೇಕಿತ್ತು ಅಣ್ಣಾ, ಹೆಣದ ಮನಿಗಿ ಬಂದಂಗ ಬರಬಾರದಿತ್ತು" ಎಂದೆ. ಹುಡುಗನನ್ನು ನೋಡಿದ ದಿನ, ಮಾತಿನ ನಡುವೆ ಮೂರು ಸಲ ಫೋನ್ ನೋಡಿದ, ಇವನು ಬೇಡ ಎಂದು ನಾನು ಅಂದದ್ದು ನಿಜ. ಅದನ್ನು ಈಗ ಎತ್ತುವುದು ಬೇಡ. ಆದರೆ ಮದುವೆಯ ಆಲ್ಬಂ ತೆಗೆದು, ಊಟದ ಪಂಕ್ತಿಯ ಫೋಟೋ ನೋಡು. ಬೀಗರು ಬಗ್ಗಿ ಉಪಚಾರ ಮಾಡಲು ಹೋಗಿ, ಅವರ ರುಮಾಲು ಸಾರಿನ ಬಕೆಟ್ಟಿನಲ್ಲಿ ಬಿದ್ದಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡಿದ್ದಾರೆ. ನಾನೊಬ್ಬ ಮಾತ್ರ ಶ್ರದ್ಧಾಂಜಲಿಯ ಬ್ಯಾನರಿನಲ್ಲಿರುವವನ ಹಾಗೆ ಕೂತಿದ್ದೇನೆ. ಅಪ್ಪ ಕಾಲು ಜಾರಿ ಬಿದ್ದಾಗಲೂ ನಕ್ಕು ಏಟು ತಿಂದ ನಿನ್ನ ಅಣ್ಣ, ರುಮಾಲು ಸಾರಿಗೆ ಬಿದ್ದಾಗ ನಗಲಿಲ್ಲವೆಂದರೆ ಅದು ಸಿಟ್ಟಲ್ಲ, ರೋಗ ಎಂದು ನಿನಗಾದರೂ ಹೊಳೆಯಬೇಡವೇ ತಂಗೀ? ಅವತ್ತು ನಾನು ಒಳಗೊಳಗೇ ನಕ್ಕು ಪಕ್ಕೆ ನೋಯಿಸಿಕೊಂಡಿದ್ದೆ.

ಹೋದ ವರ್ಷದ ನಾಗರ ಪಂಚಮಿಗೆ ನೀನು ತವರಿಗೆ ಬರಲಿಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ತಪ್ಪಿದ್ದು ಅದೊಂದೇ. ಮಹೇಶ್ವರಿ ಕಟ್ಟಿದ ಶೇಂಗಾ ಉಂಡಿ ಗಣಪತಿ ಹಬ್ಬದವರೆಗೂ ಡಬ್ಬಿಯಲ್ಲೇ ಇತ್ತು, ಯಾರಿಗೂ ತಿನ್ನಲು ಮನಸ್ಸಾಗಲಿಲ್ಲ. ನನಗೆ ಬಹಳ ಬೇಸರವಾಯಿತು, ನೀಲವ್ವಾ. ಮುಖದಲ್ಲಿ ಕಾಣಲಿಲ್ಲ, ಅಷ್ಟೇ. ಈ ವರ್ಷ ಇಪ್ಪತ್ತೊಂಬತ್ತಕ್ಕೆ ಪಂಚಮಿ. ಕರೆಯಲು ನಾನೇ ಇಪ್ಪತ್ತೇಳರ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಇಳಿಯುವಾಗ ಕಾಲು ತಡೆದು ನಿಂತರೆ ಗಾಬರಿಯಾಗಬೇಡ, ಕಂಡಕ್ಟರ್ ಬೈದರೆ ನೀನೂ ಬೈಯಬೇಡ.

ಶರಣಪ್ಪನವರಿಗೆ ನಮಸ್ಕಾರ ಹೇಳು, ಪೇಡೆಯ ಮಾತು ನಾನು ಬರೆದೆನೆಂದು ಹೇಳಬೇಡ. ನಿನ್ನ ಮನೆ ತಣ್ಣಗಿರಲಿ, ಮಂಡಿ ಬೆಚ್ಚಗಿರಲಿ.

ನಿನ್ನ ಅಣ್ಣ,
ಮಧುಕೇಶ್ವರ

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹುಬ್ಬಳ್ಳಿಗೆ ಕರೆದೊಯ್ದವನು ನಿನ್ನ ಅಳಿಯ ನಂದನ. ಮನೆಯಲ್ಲಿ ಬಾಯಿ ಬಿಡಬೇಡವೆಂದು ಆಣೆ ಹಾಕಿಸಿದವನು ನಾನು. ಬಾಸಿಂಗ ಕಟ್ಟುವಾಗಲೇ ನನ್ನ ಕೈ ನೋಡಿ ಅವನಿಗೆ ಗೊತ್ತಾಗಿತ್ತಂತೆ, ಅವನ ಅಜ್ಜನಿಗೂ ಇದೇ ಕಾಯಿಲೆ. ಹೇಳಿದರೆ ಮಾವ ಕೆರಳುತ್ತಾನೆಂದು ವರ್ಷವಿಡೀ ಹೆದರಿಕೊಂಡಿದ್ದ. ಹುಡುಗಿ ನೋಡಲು ಬಂದ ದಿನ ಮೂರು ಸಲ ಫೋನ್ ನೋಡಿದ್ದು, ಅಜ್ಜನಿಗೆ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಟ್ಟರೋ ಇಲ್ಲವೋ ಎಂದು. ನನ್ನ ಫೋನಿನಲ್ಲಿ ಗುಳಿಗೆಯ ಹೊತ್ತಿಗೆ ಮೂರು ಅಲಾರಂ ಇಟ್ಟುಕೊಟ್ಟವನೂ ಅವನೇ. ಮುಖ ಕಲ್ಲಾದದ್ದು ಕಾಯಿಲೆಯಿಂದ. ಈ ಹುಡುಗ ಬೇಡ ಎಂದದ್ದು ಮಾತ್ರ ಕಾಯಿಲೆಯಲ್ಲ, ನಾನೇ. ತಪ್ಪಾಯಿತು ತಂಗೀ. ಈ ಎರಡು ಶಬ್ದವನ್ನು ಡಾಕ್ಟರು ಹೇಳಿದ್ದಕ್ಕಿಂತಲೂ ದಪ್ಪಗೆ ಬರೆದಿದ್ದೇನೆ, ನೋಡು.