ಅಂಚಿನಲ್ಲಿಟ್ಟ ಲೋಟ

೧೪ ಮಾರ್ಚ್, ಶನಿವಾರ
ಮಧ್ಯಾಹ್ನ, ಊಟವಾದ ಮೇಲೆ

ಅಂಚೆ ಕಚೇರಿಯ ಎರಡನೇ ಕೌಂಟರಿನ ಏಕಮಾತ್ರ ಒಡತಿಯೂ, ಅಂಟು ಮತ್ತು ಮುದ್ರೆಗಳ ಮಹಾರಾಣಿಯೂ ಆದ ಅಕ್ಕನ ಸನ್ನಿಧಾನಕ್ಕೆ,

ನಿನ್ನ ಚೇಳು ಮಾಡುವ ನಮಸ್ಕಾರಗಳು. ನಿನ್ನ ಮೂರು ಪತ್ರಗಳಿಗೆ ಒಂದೇ ಉತ್ತರ ಬರೆಯುತ್ತಿದ್ದೇನೆ, ಅದೂ ಎರಡು ತಿಂಗಳು ತಡವಾಗಿ. ಬೇರೆ ಯಾರಿಗಾದರೂ ಆಗಿದ್ದರೆ ಅಂಚೆಯವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಿದ್ದೆ. ಅಂಚೆಯವಳು ನೀನೇ ಆದ್ದರಿಂದ ಆ ದಾರಿ ಮುಚ್ಚಿದೆ. ಕ್ಷಮಿಸು.

ಮನೆಯ ವರದಿ ಹೀಗಿದೆ. ಅಪ್ಪ ಹೊಸ ಕನ್ನಡಕ ಹಾಕಿಸಿಕೊಂಡು, ಅದರ ನೆರವಿನಿಂದ ಹಳೆಯದನ್ನು ಹುಡುಕುತ್ತಿದ್ದಾರೆ. ನೀನು ಫೋನಿನಲ್ಲಿ ಎರಡೇ ಮಾತಾಡಿ ಇಡುತ್ತೀಯ ಎಂದು ಅಮ್ಮ ದಿನಾ ನನ್ನ ಮೇಲೆ ರೇಗುತ್ತಾಳೆ. ನಮ್ಮ ಮನೆಯಿಂದ ಗಡೀಪಾರಾದ ಬೆಕ್ಕು ದಿವಾನನ ಮರಿಮಗಳು ಹಿಟ್ಟಿನ ಗಿರಣಿಯಲ್ಲಿ ನಾಲ್ಕು ಮರಿ ಹಾಕಿದ್ದಾಳೆ. ಎಲ್ಲವೂ ಬೆಳ್ಳಗಿವೆ. ಅದು ಬಣ್ಣವೋ ಹಿಟ್ಟೋ ಇನ್ನೂ ತೀರ್ಮಾನವಾಗಿಲ್ಲ.

ಈಗ ಮುಖ್ಯ ಸುದ್ದಿ. ನೆಟ್ಟಗೆ ಕೂತು ಓದು. ನನಗೆ ಕಿಟಕಿ ಕೋಣೆ ಸಿಕ್ಕಿತು.

ನಮ್ಮ ಬೋರ್ಡು ಮಾಸ್ತರರ ವಿಷಯ ಹಿಂದೆಯೇ ಬರೆದಿದ್ದೆ. ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದು, ಈಗ ಸೈಕಲ್ ಅಂಗಡಿಯ ಮಹಡಿಯಲ್ಲಿ ಸಂಜೆ ಹೊತ್ತು ಚಿತ್ರ ಕಲಿಸುತ್ತಾರೆ. ಅಲ್ಲಿ ಎರಡು ಕೋಣೆಗಳಿವೆ. ಮುಂದಿನದು ಹೂಜಿ ಕೋಣೆ. ಅಲ್ಲಿ ಮೇಜಿನ ಮೇಲೆ ಒಂದು ಮಣ್ಣಿನ ಹೂಜಿ, ಅದರ ಪಕ್ಕ ಒಂದು ಗಾಜಿನ ಲೋಟ. ವರ್ಷವಿಡೀ ಎಲ್ಲರೂ ಅದನ್ನೇ ಬರೆಯಬೇಕು. ಹಿಂದಿನದು ಕಿಟಕಿ ಕೋಣೆ. ಅಲ್ಲಿಗೆ ಹೋದವರು ಮನಸ್ಸಿಗೆ ಬಂದದ್ದನ್ನು ಬರೆಯಬಹುದು. ವರ್ಷದ ಕೊನೆಗೆ ಎಲ್ಲರೂ ಸಹಿ ಹಾಕದೆ ಒಂದೊಂದು ಚಿತ್ರವನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತೇವೆ. ಮಾಸ್ತರು ಟೀ ಕುಡಿದು ಬಂದು ಯಾವುದು ಯಾರ ಕೈಯದು ಎಂದು ಹೇಳುತ್ತಾರೆ. ಗುರುತು ಸಿಕ್ಕರೆ ಕಿಟಕಿ ಕೋಣೆ. ಸಿಗದಿದ್ದರೆ ಮತ್ತೆ ಹೂಜಿ.

ಹೋದ ವರ್ಷ ನನ್ನ ಚಿತ್ರದ ಮುಂದೆ ನಿಂತು ಅವರು, "ಇದ್ಯಾರದಪ್ಪಾ? ಎಲ್ಲರದೂ ಇದ್ದಂಗಿದೆ" ಎಂದಿದ್ದರು. ನಾನು ನಗಾಡಿಬಿಟ್ಟೆ. ಮನೆಗೆ ಬಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತದ್ದನ್ನು ನಿನಗೆ ಬರೆದಿರಲಿಲ್ಲ. ಅವರು ಹೇಳಿದ್ದು ನಿಜ. ಪಕ್ಕದವರ ಹಾಳೆ ನೋಡಿದರೆ ಸಾಕು, ನನ್ನ ಕೈ ಅವರಂತೆಯೇ ಆಡುತ್ತದೆ. ನನ್ನದು ಎಂಬುದು ಮಾತ್ರ ಇರಲಿಲ್ಲ. ಈ ವರ್ಷವೂ ಸಿಗದಿದ್ದರೆ ಕುಂಚ ಕೆಳಗಿಡುವುದೆಂದು ಒಳಗೊಳಗೇ ಗಟ್ಟಿ ಮಾಡಿಕೊಂಡಿದ್ದೆ.

ಎಲ್ಲರದೂ ಇದ್ದಂಗಿದೆಯೇ? ಹಾಗಾದರೆ ಎಲ್ಲರೂ ನಾನೇ ಆಗಿಬಿಡುತ್ತೇನೆ ಎಂದುಕೊಂಡೆ. ನಮ್ಮಲ್ಲಿ ಒಬ್ಬರು ದಂತವೈದ್ಯರಿದ್ದಾರೆ. ಅವರ ಹೂಜಿ ಈಗತಾನೇ ಹಲ್ಲುಜ್ಜಿ ಬಂದಂತೆ ಹೊಳೆಯುತ್ತದೆ. ಒಬ್ಬ ಲಾರಿ ಡ್ರೈವರಣ್ಣ ಇದ್ದಾನೆ. ಅವನ ಹೂಜಿ ಎದುರಿನಿಂದ ಲಾರಿ ಬಂದಂತೆ ಬರುತ್ತದೆ. ಮನೆಯಲ್ಲಿ ಕೂತು, ನೆನಪಿನಿಂದಲೇ, ಅವರಿಬ್ಬರ ಶೈಲಿಯಲ್ಲಿ ಒಂದೊಂದು, ನನ್ನ ಪಾಲಿನದೆಂದು ಮಾಸ್ತರರ ಶೈಲಿಯಲ್ಲಿ ಒಂದು ಬರೆದೆ. ಹಗ್ಗದ ದಿನ ಬೇಗ ಹೋಗಿ, ಅವರಿಬ್ಬರ ಚಿತ್ರ ಇಳಿಸಿ ನನ್ನವನ್ನು ಏರಿಸಿದೆ. ಆಮೇಲೆ ಸಾಕ್ಷಾತ್ ಸನ್ಯಾಸಿನಿಯ ಮುಖ ಮಾಡಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತೆ.

ಡಾಕ್ಟರು ಬಂದವರೇ ನನ್ನ ಚಿತ್ರದ ಮುಂದೆ ನಿಂತು, "ನಂದೇ ಕಣ್ರೀ. ಆ ಹೊಳಪು ನೋಡಿ. ಹೋದ ವಾರಕ್ಕಿಂತ ಇವತ್ತೇ ಚೆನ್ನಾಗಿ ಕಾಣ್ತಿದೆ" ಎಂದರು. ನಗು ತಡೆಯಲು ನಾನು ಕೆಮ್ಮಿದೆ. "ಕಷಾಯ ಕುಡಿಯೇ ತಂಗಿ" ಎಂದ ಡ್ರೈವರಣ್ಣ.

ಮಾಸ್ತರು ಬಂದರು. ಒಂದೊಂದೇ ಹೆಸರು ಹೇಳುತ್ತ ಸಾಗಿದವರು ಡಾಕ್ಟರದರ ಮುಂದೆ ನಿಂತರು. ಡ್ರೈವರಣ್ಣನದರ ಮುಂದೆಯೂ ನಿಂತರು. ನನ್ನದನ್ನು ನೋಡಿ ಹಿಂದಕ್ಕೆ ಬಂದು, ಮೂರನ್ನೂ ಕ್ಲಿಪ್ ಬಿಚ್ಚಿ ಬೆಂಚಿನ ಮೇಲೆ ಸಾಲಾಗಿ ಇಟ್ಟರು.

"ಈ ಮೂರೂ ಒಂದೇ ಕೈಯದು" ಎಂದರು.

"ಏನ್ ಮಾಸ್ತರೇ, ಇದು ನಂದಲ್ವಾ?" ಎಂದರು ಡಾಕ್ಟರು.

"ನಿಮ್ಮ ಲೋಟ ಎಲ್ಲಿರುತ್ತೆ ಡಾಕ್ಟ್ರೇ? ಹೂಜಿ ಪಕ್ಕ, ಭದ್ರವಾಗಿ. ಎರಡು ವರ್ಷದಿಂದ ನಾನು ಇಟ್ಟಿರೋದೂ ಅಲ್ಲೇ. ಇಲ್ಲಿ ನೋಡಿ. ಮೂರರಲ್ಲೂ ಲೋಟ ಮೇಜಿನ ಅಂಚಿಗೆ ಬಂದಿದೆ. ಅರ್ಧ ತಳ ಗಾಳಿಯಲ್ಲಿದೆ. ಬೀಳಬೇಕು, ಬಿದ್ದಿಲ್ಲ. ನೋಡಿದವರ ಕೈ ತಾನಾಗೇ ಮುಂದಕ್ಕೆ ಬರುತ್ತೆ."

ಡ್ರೈವರಣ್ಣನ ಕೈ ನಿಜವಾಗಿಯೂ ಮುಂದೆ ಬಂದಿತ್ತು. ಅವನು ನಾಚಿಕೊಂಡು ಅದೇ ಕೈಯಲ್ಲಿ ತಲೆ ಕೆರೆದುಕೊಂಡ.

ಅಕ್ಕಾ, ಆಣೆ ಮಾಡಿ ಹೇಳುತ್ತೇನೆ, ನನಗದು ಗೊತ್ತೇ ಆಗಿರಲಿಲ್ಲ. ಹೊಳಪು ಕದ್ದಿದ್ದೆ, ಬಣ್ಣದ ದಪ್ಪ ಕದ್ದಿದ್ದೆ, ಮಾಸ್ತರರ ಗೆರೆಯನ್ನೂ ಕದ್ದಿದ್ದೆ. ಲೋಟ ಮಾತ್ರ ನನ್ನ ಕಣ್ಣು ತಪ್ಪಿಸಿ ತಾನೇ ಅಂಚಿಗೆ ನಡೆದಿತ್ತು.

ಮಾಸ್ತರು ನನ್ನತ್ತ ತಿರುಗಿ ಮೆಲ್ಲಗೆ, "ಯಾಕಮ್ಮಾ ಹಿಂಗಿಡ್ತೀಯ?" ಎಂದರು. ಎಲ್ಲದಕ್ಕೂ ತಿರುಗುತ್ತರ ಕೊಡುವ ನಾನು ಗೊತ್ತಿಲ್ಲ ಎಂದೆ.

"ಗೊತ್ತಾದಾಗ ಹೇಳು. ಕಿಟಕಿ ಕೋಣೆಗೆ ಹೋಗು. ಅದಕ್ಕೆ ಮೊದಲು ಇವರಿಬ್ಬರ ಚಿತ್ರ ಎಲ್ಲಿ ಅಡಗಿಸಿದ್ದೀಯ ತಂದುಕೊಡು. ಒಂದು ತಿಂಗಳು ಎಲ್ಲರ ಕುಂಚ ತೊಳಿ."

ತೊಳೆಯುತ್ತಿದ್ದೇನೆ. ಸಂತೋಷದಿಂದ ತೊಳೆಯುತ್ತಿದ್ದೇನೆ. ಕುಂಚವನ್ನು ನೀರಿನಲ್ಲಿ ತಲೆಕೆಳಗಾಗಿ ನಿಲ್ಲಿಸಬಾರದು, ಕೂದಲನ್ನು ಬೆರಳಲ್ಲಿ ತೀಡಿ ಮಲಗಿಸಬೇಕು ಎಂದು ಕಲಿಸಿದವಳು ನೀನು. ನಿನಗಾಗ ಹದಿನೇಳು, ನನಗೆ ಒಂಬತ್ತು. ಕಲಾಶಾಲೆಗೆ ಸೇರಲು ಕಳಿಸಬೇಕಿದ್ದ ನಿನ್ನ ಚಿತ್ರ ಕೊನೆಯ ದಿನ ನೀರುಪಾಲಾಯಿತು. ದಿವಾನನೇ ಲೋಟ ಬೀಳಿಸಿದ್ದೆಂದು ಅಪ್ಪ ಅವನನ್ನು ಗಿರಣಿಗೆ ಕೊಟ್ಟುಬಂದರು. ಅದೇ ವಾರ ನೀನು ನಿನ್ನ ಬಣ್ಣದ ಪೆಟ್ಟಿಗೆಯನ್ನು ನನ್ನ ಮಡಿಲಲ್ಲಿಟ್ಟು, "ತಗೋ ಚೇಳೂ, ನಂಗಿನ್ನು ಬೇಡ" ಎಂದೆ. ಆ ಪೆಟ್ಟಿಗೆ ಇಲ್ಲದಿದ್ದರೆ ನಾನು ಇವತ್ತಿಗೂ ಗೋಡೆಗಳಿಗೆ ಮೀಸೆ ಬರೆಯುತ್ತಿದ್ದೆ. ನನಗೊಂದು ಕೈ ಇದ್ದರೆ ಅದು ನೀನು ಕೊಟ್ಟದ್ದು. ಈ ಒಂದು ಮಾತನ್ನು ತಮಾಷೆಯಿಲ್ಲದೆ ಬರೆದಿದ್ದೇನೆ, ಗಮನಿಸು.

ಚಿಕ್ಕವಳಾದರೂ ಆಶೀರ್ವದಿಸುವ ಅಧಿಕಾರವನ್ನು ನಾನೇ ವಹಿಸಿಕೊಂಡಿದ್ದೇನೆ. ನಿನ್ನ ಮುದ್ರೆಯ ಶಾಯಿ ಒಣಗದಿರಲಿ. ನಿನ್ನ ಕೌಂಟರಿನ ಸಾಲು ನಾಲ್ಕು ಗಂಟೆಗೇ ಕರಗಲಿ. ಚಿಲ್ಲರೆ ಇಲ್ಲದವರೆಲ್ಲ ಒಂದನೇ ಕೌಂಟರಿಗೆ ಹೋಗಲಿ.

ಇಂತು ನಿನ್ನ,
ಚೇಳು

ಮರೆತ ಮಾತು: ಮರೆತಿಲ್ಲ, ಇಷ್ಟು ಹೊತ್ತು ಧೈರ್ಯ ಸಾಲಲಿಲ್ಲ. ಮಾಸ್ತರರಿಗೆ ಗೊತ್ತಿಲ್ಲ ಎಂದದ್ದು ಸುಳ್ಳು. ಅವರು ಕೇಳಿದ ಕ್ಷಣವೇ ನನಗೆ ಗೊತ್ತಾಯಿತು. ಅವತ್ತು ನೀನು ಚಿತ್ರವನ್ನು ಮೇಜಿನ ಬುಡದಲ್ಲಿ, ನೆಲದ ಮೇಲೆ ಒಣಗಲು ಬಿಟ್ಟು ಒಳಗೆ ಹೋಗಿದ್ದೆ. ನೀನು ಬಂದಾಗ "ಬಿತ್ತು, ಬಿತ್ತು" ಎಂದು ಹೆದರಿಸಿ ಕೈಯಲ್ಲಿ ಹಿಡಿಯೋಣವೆಂದು, ಕುಂಚ ತೊಳೆದ ನೀರಿನ ಲೋಟವನ್ನು ನಾನು ಬೆರಳಲ್ಲಿ ಅಂಚಿಗೆ ತಳ್ಳುತ್ತಿದ್ದೆ. ಎಷ್ಟು ತಳ್ಳಿದರೂ ಬೀಳಲಿಲ್ಲ. ಆಮೇಲೆ ಬಿತ್ತು. ದಿವಾನ ಕುರ್ಚಿಯ ಕೆಳಗೆ ಮಲಗಿದ್ದ. ಎತ್ತಿ ಮೇಜಿನ ಮೇಲೆ ಕೂರಿಸಿದ್ದೂ ನಾನೇ. ಅವನಿಗಿನ್ನೂ ಎಚ್ಚರವಾಗಿರಲಿಲ್ಲ.

ಮೂರರಲ್ಲಿ ಒಂದು ಚಿತ್ರವನ್ನು ಈ ಪಾರ್ಸೆಲ್ಲಿನಲ್ಲಿಟ್ಟಿದ್ದೇನೆ. ನಿನ್ನ ಪೆಟ್ಟಿಗೆಯೂ ಇದೆ, ಮುಗಿದ ಬಣ್ಣಗಳನ್ನು ತುಂಬಿಸಿದ್ದೇನೆ. ನಿನ್ನ ಹೆಬ್ಬೆರಳಿನ ಗುರುತಿದ್ದ ನೀಲಿ ಟ್ಯೂಬನ್ನು ಮಾತ್ರ ನಾನು ಮುಟ್ಟಿಲ್ಲ. ಬೈದು ಬರೆ, ಎಷ್ಟು ಪುಟವಾದರೂ ಓದುತ್ತೇನೆ. ಚಿತ್ರ ನೋಡುವಾಗ ನಿನ್ನ ಕೈಯೂ ಮುಂದಕ್ಕೆ ಬಂದರೆ ಹಿಂದಕ್ಕೆ ಎಳೆದುಕೊಳ್ಳಬೇಡ ಅಕ್ಕಾ. ಕುಂಚ ಪಕ್ಕದಲ್ಲೇ ಇದೆ.