ತೆಳ್ಳಗಿನವರ ಕೊಬ್ಬು

ಜನವರಿ 12, ಭಾನುವಾರ. ಬೆಳಿಗ್ಗೆ 7

ವಾಕಿಂಗ್ ಮುಗಿಯಿತು. ತೂಕ ನೋಡಿದೆ — ಮದುವೆಯಾದಾಗ ಇದ್ದಷ್ಟೇ. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಹೀಗಿರುವವನು ಕಾಂದಿವಲಿಯ ನಮ್ಮ ಸೊಸೈಟಿಯಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ. ಹೆಂಡತಿಗೂ ಹೇಳಿದೆ.

"ಗೊತ್ತು ರೀ, ನಿನ್ನೇನೂ ಹೇಳಿದ್ರಿ," ಅಂದಳು ವನಮಾಲಾ, ಇಡ್ಲಿಗೆ ತುಪ್ಪ ಹಾಕಿಕೊಳ್ಳುತ್ತ.

ಹೆಂಡತಿಯ ದಪ್ಪದ ಬಗ್ಗೆ ಮಾತಾಡಬಾರದು. ಆಡಿದೆ. ಇವತ್ತು ಕ್ಲಬ್‌ಹೌಸಿನಲ್ಲಿ ಹಿರಿಯರಿಗೆ ಹೆಲ್ತ್ ಕ್ಯಾಂಪ್. ಯಾರು ಹೇಗಿದ್ದಾರೆಂದು ಅಲ್ಲೇ ತಿಳಿಯುತ್ತದೆ ಅಂದೆ.

ಅದೇ ದಿನ, ಮಧ್ಯಾಹ್ನ

ಮಷೀನು ಕೆಟ್ಟಿದೆ.

ಬರಿಗಾಲಲ್ಲಿ ಅದರ ಮೇಲೆ ನಿಂತರೆ ಮೈಯಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂದು ಚೀಟಿ ಕೊಡುತ್ತದೆ. ನನಗೆ ಸ್ನಾಯು ಕಡಿಮೆಯಂತೆ, ಹೊಟ್ಟೆಯೊಳಗೆ ಕೊಬ್ಬು ಜಾಸ್ತಿಯಂತೆ. ದೇಹದ ವಯಸ್ಸು ಎಂಬತ್ತೆರಡು! ವನಮಾಲಾಳದು ಅರವತ್ತು. ರಕ್ತದ ಸಕ್ಕರೆಯೂ ನನಗೇ ಹೆಚ್ಚು.

ಮೊಮ್ಮಗಳು ಧಾತ್ರಿ ಚೀಟಿ ನೋಡಿದಳು. "ತಾತ, ಇದಕ್ಕೆ ಸ್ಕಿನ್ನಿ ಫ್ಯಾಟ್ ಅಂತಾರೆ. ಬಾಹರ್ ಸೇ ಪತ್ಲಾ, ಮೇಲೆ ತೆಳ್ಳಗೆ, ಒಳಗೆ ಫುಲ್ ಕೊಬ್ಬು."

ವನಮಾಲಾ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಜನವರಿ 20, ಸೋಮವಾರ

ಮಾಟುಂಗದ ನಮ್ಮ ಡಾಕ್ಟರೂ ಮಷೀನಿನ ಪಕ್ಷವೇ. "ವಾಕಿಂಗ್ ಸಾಲದು. ತಿಂದ ಸಕ್ಕರೇನ ಖರ್ಚು ಮಾಡೋದು ಸ್ನಾಯು. ತೂಕ ಎತ್ತಿ, ಸ್ನಾಯು ಬೆಳೆಸಿ. ಜೂನ್‌ವರೆಗೆ ನೋಡೋಣ. ಇಳೀಲಿಲ್ಲ ಅಂದ್ರೆ ಮಾತ್ರೆ."

ಕ್ಲಬ್‌ಹೌಸಿನಲ್ಲಿ ಹಿರಿಯರಿಗೆ ವ್ಯಾಯಾಮದ ಕ್ಲಾಸಿದೆ. ವಿಜಯಪುರದ ಕಡೆಯ ಮಹಾದೇವಿ ಎಂಬಾಕೆ ಹೇಳಿಕೊಡುತ್ತಾಳೆ. ಬರುವವರೆಲ್ಲ ಹೆಂಗಸರು. ವನಮಾಲಾ ಸೇರಿದಳು. ನಾನು ವಾಕಿಂಗಿಗೆ ಒಂದು ಸುತ್ತು ಸೇರಿಸಿದೆ.

ಫೆಬ್ರವರಿ 18, ಮಂಗಳವಾರ

ಲಿಫ್ಟ್ ಬಂದ್. ನಮ್ಮದು ಆರನೇ ಮಹಡಿ. ಕೈಯಲ್ಲಿ ಹತ್ತು ಕಿಲೊ ಆಟಾ, ಗೋಧಿಹಿಟ್ಟು. ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತೆ. ಯಾರಾದರೂ ಬಂದರೆ ಹೊರಗಡೆ ನೋಡುತ್ತ ಕೂತಂತೆ ಕಾಣಲಿ ಎಂದುಕೊಂಡೆ — ಅಲ್ಲಿ ಕಿಟಕಿಯೇ ಇಲ್ಲ.

ತರಕಾರಿ ಚೀಲ ಹಿಡಿದು ವನಮಾಲಾ ಹತ್ತಿ ಬಂದಳು. ನನ್ನ ಮುಖ ನೋಡಿ ಪಕ್ಕದಲ್ಲೇ ಕೂತಳು.

"ತೆಳ್ಳಗಿದೀರಿ, ನಿಮಗೇನೂ ಆಗಲ್ಲ ಅಂತ ಧೈರ್ಯವಾಗಿದ್ದೆ. ಈಗ ಹೆದರಿಕೆ ಆಗತ್ತೆ ರೀ."

ಎದ್ದಳು. ನೆಲಕ್ಕೆ ಕೈ ಊರಲಿಲ್ಲ, ಕಂಬಿ ಹಿಡಿಯಲಿಲ್ಲ. ಆಟಾ ಎತ್ತಿಕೊಂಡು ಹೊರಟೇ ಹೋದಳು. ತರಕಾರಿ ನನಗೆ ಬಿಟ್ಟಿದ್ದಳು. ಕೊತ್ತಂಬರಿ, ಪಾಲಕ್.

ಫೆಬ್ರವರಿ 20

ಕ್ಲಾಸಿಗೆ ಹೋದೆ. ಒಂದು ಹಿಂಡು ಹೆಂಗಸರು, ನಾನು.

"ಸರ್, ಕುರ್ಚಿ ಮ್ಯಾಲ ಕುಂದರ್ರಿ. ಕೈ ಹಚ್ಚಬ್ಯಾಡ್ರಿ. ಹಂಗ ಏಳ್ರಿ," ಅಂದಳು ಮಹಾದೇವಿ.

ಕೂತೆ. ಏಳಲಿಲ್ಲ.

"ಚಿಂತಿ ಮಾಡಬ್ಯಾಡ್ರಿ ಸರ್. ಕುಂದ್ರೂದು ಭಾಳ ಚಂದ ಬಂತು."

ಹೆಂಗಸರು ಬೇರೆ ಕಡೆ ನೋಡಿದರು. ವನಮಾಲಾ ಮಾತ್ರ ನನ್ನನ್ನೇ ನೋಡುತ್ತಿದ್ದಳು — ಏಳುವವರೆಗೂ.

ಫೆಬ್ರವರಿ 21

ತೊಡೆ ನನ್ನದಲ್ಲ. ಕಮೋಡಿನಿಂದ ಎದ್ದದ್ದು ಒಂದು ಸಾಹಸ. ವಿವರ ಬೇಡ.

ಏಪ್ರಿಲ್ 6, ಭಾನುವಾರ

ಬರೆಯಲು ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಕ್ಲಾಸು, ಊಟಕ್ಕೆ ಮೊದಲು ಹೆಸರುಕಾಳು, ಅದು ಮುಗಿದರೆ ಮೊಸರು. ಇದೆಲ್ಲ ವನಮಾಲಾ ಕಾನೂನು.

ತೂಕ ಒಂದೂವರೆ ಕಿಲೊ ಏರಿದೆ. ಗಾಬರಿಯಾಗಿ ಮಹಾದೇವಿಗೆ ಹೇಳಿದೆ. ಏರಿದ್ದು ಸ್ನಾಯುವಂತೆ; ಆಕೆ ಎಲ್ಲರಿಂದ ಚಪ್ಪಾಳೆ ಹೊಡೆಸಿದಳು. ತೂಕ ಏರಿದ್ದಕ್ಕೆ ಚಪ್ಪಾಳೆ! ಯಾವ ಮುಖ ಇಟ್ಟುಕೊಂಡು ಇನ್ನು ವನಮಾಲಾಳ ತುಪ್ಪದ ಬಗ್ಗೆ ಮಾತಾಡಲಿ?

ಜೂನ್ 14, ಶನಿವಾರ. ಸಂಜೆ

ಸಕ್ಕರೆ ಇಳಿದಿದೆ. ಸದ್ಯಕ್ಕೆ ಮಾತ್ರೆ ಬೇಡ.

"ಪರವಾಗಿಲ್ವೇ ತಿರುಮಲೇಶ್ ಅವರೇ. ಏನು ಮಾಡಿದ್ರಿ?" ಎಂದು ಕೇಳಿದರು ಡಾಕ್ಟರು.

ಶಿಸ್ತು ಎಂದು ಶುರು ಮಾಡಿದೆ.

"ಅವರೇನೂ ಮಾಡ್ಲಿಲ್ಲ ಡಾಕ್ಟ್ರೇ," ಅಂದಳು ವನಮಾಲಾ. "ನಾನು ಮಾಡಿಸ್ದೆ."

ಡಾಕ್ಟರು ಅವಳಿಗೇ ಥ್ಯಾಂಕ್ಸ್ ಹೇಳಿದರು. ಫೀಸು ಮಾತ್ರ ನನ್ನಿಂದ ತೆಗೆದುಕೊಂಡರು.

ಬರುವಾಗ ಲೋಕಲ್ ರೈಲಿನಲ್ಲಿ ಒಂದೇ ಸೀಟು ಸಿಕ್ಕಿತು. ಅವಳನ್ನು ಕೂರಿಸಿದೆ. "ನೀವು ಕೂತ್ಕೊಳ್ಳಿ" ಅಂತ ಅಂಧೇರಿಯಲ್ಲೊಮ್ಮೆ, ಮಲಾಡಿನಲ್ಲೊಮ್ಮೆ ಎದ್ದಳು. ಬೇಡ ಅಂದೆ. ಕಾಂದಿವಲಿಯವರೆಗೂ ನಿಂತೇ ಬಂದೆ. ಅವಳು ನನ್ನನ್ನು ನೋಡಿ ನಗುತ್ತಿದ್ದಳು. ಈಗ ಕಾಲು ಒಂದು ಚೂರೂ ನೋಯುತ್ತಿಲ್ಲ ಎಂದು ಬರೆಯೋಣವೆಂದು ಕೂತೆ. ಆದರೆ ವನಮಾಲಾ ಬೆನ್ನ ಹಿಂದೆ ನಿಂತು ಓದುತ್ತಿದ್ದಾಳೆ, ನಿಜ ಬರೆಯಬೇಕು: ನೋಯುತ್ತಿದೆ.