ಏಲಿಕುಟ್ಟಿ ಮನೆಗೊಂದು ರೊಟ್ಟಿ

ಅಮ್ಮಚ್ಚಿ,

ಇವತ್ತು ಪವಿತ್ರ ಗುರುವಾರ ಅಲ್ವಾ, ಪೆಸಹಾ ರೊಟ್ಟಿ ಎರಡು ಬೇಯಿಸಿದ್ದೇನೆ. ನಮ್ಮದನ್ನು ಮುಚ್ಚಿಟ್ಟಿದ್ದೇನೆ, ಪ್ರಾರ್ಥನೆಗೆ ಮುಂಚೆ ಚಿವುಟಿ ರುಚಿ ನೋಡಬೇಡಿ. ಇನ್ನೊಂದನ್ನು ಪಕ್ಕದ ಮನೆ ಏಲಿಕುಟ್ಟಿಗೆ ಕೊಡಲು ಹೊರಟೆ.

ಗಂಡ ತೀರಿಹೋದ ವರ್ಷ ಅವಳು ರೊಟ್ಟಿ ಬೇಯಿಸುವಂತಿಲ್ಲ, ನೆರೆಯವರೇ ಕೊಡಬೇಕು. ಆದರೂ ನಿನ್ನೆ ಚರ್ಚಿನ ಅಂಗಳದಲ್ಲಿ, “ಕುಡ್ದು ಸತ್ತವನ ಮನೆಗೆ ಯಾಕೆ ಕೊಡ್ಬೇಕು?” ಅಂತ ಹೆಂಗಸರೆಲ್ಲ ಮೂಗು ಮುರಿದರು. ನೀವೊಬ್ಬರೇ, “ನನ್ನ ಕಣ್ಣಲ್ಲೇ ಪೊರೆ ಬಂದು ಕೂತಿದೆ, ಕಂಡವರ ಕಣ್ಣಿನ ಕಸ ನಂಗೆಲ್ಲಿ ಕಾಣ್ಬೇಕು?” ಅಂದಿರಿ.

ಮೂಗು ಮುರಿದವರಲ್ಲಿ ನಾನೂ ಒಬ್ಬಳು, ಅಮ್ಮಚ್ಚಿ.

ನಾಲ್ಕು ಗಂಟೆಗೆ ಕಣ್ಣಿಗೆ ಔಷಧಿ ಎರಡೇ ಹನಿ ಹಾಕಿಕೊಳ್ಳಿ. ಸೀಸೆ ಖಾಲಿ ಮಾಡಬೇಡಿ, ನನ್ನ ಕಣ್ಣಿಗೂ ಬೇಕು.

ನಿಮ್ಮ ಸೊಸೆ,
ಶೋಶಾಮ್ಮ